ತೂಕವನ್ನಷ್ಟೇ ಕೇಳುವ ದರಪಟ್ಟಿ

ಕೋಲಾರದ ಎಪಿಎಂಸಿಯಿಂದ ಬೆಂಗಳೂರಿಗೆ ಟೊಮೆಟೊ ಬಾಕ್ಸ್ ಹೊಡೆಯುವ ಹುಡುಗನೊಬ್ಬ ನನಗೆ ಪರಿಚಯ. ಹತ್ತು ವರ್ಷ ಬೇರೆಯವರ ಗಾಡಿ ಓಡಿಸಿ, ಕೊನೆಗೆ ಸಾಲ ಮಾಡಿ ಸ್ವಂತಕ್ಕೊಂದು ಟಾಟಾ ಏಸ್ ತೆಗೆದುಕೊಂಡ. ಮೊದಲ ವರ್ಷದ ಇನ್ಶೂರೆನ್ಸ್ ಎಷ್ಟೆಂದು ಅವನಿಗೆ ತಿಳಿಯಲೇ ಇಲ್ಲ. ಆನ್‌ರೋಡ್ ಬೆಲೆಯೊಳಗೆ ಸೇರಿ, ಕಂತಿನ ಜೊತೆ ಕರಗಿಹೋಗಿತ್ತು. ಎರಡನೇ ವರ್ಷ ರಿನೀವಲ್ ಮಾಡಿಸಲು ಏಜೆಂಟರ ಹತ್ತಿರ ಹೋದಾಗ ನಾನೂ ಜೊತೆಗಿದ್ದೆ.

“ಅಣ್ಣಾ, ಹತ್ತು ವರ್ಷದಿಂದ ಸ್ಟೇರಿಂಗ್ ಹಿಡ್ದಿದೀನಿ, ಒಂದು ಕೇಸಿಲ್ಲ. ಏನೂ ಕಮ್ಮಿ ಆಗಲ್ವಾ?”

“ಅದನ್ನ ಬರೆಯೋಕೆ ಇದರಲ್ಲಿ ಜಾಗನೇ ಇಲ್ಲ ಕಣಪ್ಪ. ಗಾಡಿ ತೂಕ ಎಷ್ಟು ಅಂತ ಮಾತ್ರ ಕೇಳ್ತದೆ.”

ಏಜೆಂಟರು ಹೇಳಿದ್ದು ನಿಜ. 2022ರ ಜೂನ್ 1ರಿಂದ ಜಾರಿಗೆ ಬಂದ ಥರ್ಡ್ ಪಾರ್ಟಿ ದರಪಟ್ಟಿಯನ್ನು ತೆಗೆದು ಓದಿದರೆ ಸಾಕು. ಬಾಡಿಗೆಗೆ ಸರಕು ಹೊರುವ ಗಾಡಿಗಳಿಗೆ ಅಲ್ಲಿ ಐದು ಮೆಟ್ಟಿಲು. ಒಟ್ಟು ತೂಕ 7,500 ಕೆ.ಜಿ.ಯವರೆಗೆ 16,049 ರೂಪಾಯಿ, 12,000ದವರೆಗೆ 27,186, 20,000ದವರೆಗೆ 35,313, 40,000ದವರೆಗೆ 43,950, ಅದಕ್ಕಿಂತ ಹೆಚ್ಚಾದರೆ 44,242. ಸರಕು ಹೊರುವ ಮೂರು ಚಕ್ರದ ಆಟೊಗೆ ಬೇರೆಯೇ ದರ, 4,492.

ತೂಕವನ್ನಾದರೂ ಈ ಪಟ್ಟಿ ಸರಿಯಾಗಿ ತೂಗುತ್ತದೆಯೇ? ಎರಡು ಟನ್ನಿನೊಳಗಿನ ಏಸ್ ಮತ್ತು ಏಳು ಟನ್ನು ದಾಟಿದ ಲಾರಿ ಒಂದೇ ಮೆಟ್ಟಿಲಲ್ಲಿವೆ. ಇಪ್ಪತ್ತೆಂಟು ಟನ್ನಿನ ಹತ್ತು ಚಕ್ರದ ಗಾಡಿ ಕೊಡುವಷ್ಟನ್ನೇ ಮೂವತ್ತೊಂಬತ್ತು ಟನ್ನಿನ ಟ್ರೇಲರೂ ಕೊಡುತ್ತದೆ. ನಲವತ್ತು ಟನ್ ದಾಟಿದ ದೈತ್ಯ ಗಾಡಿಗೆ ಹೆಚ್ಚುವರಿ ಬೀಳುವುದು 292 ರೂಪಾಯಿ. ಹತ್ತಲು ಕಷ್ಟವಾಗುವ ಮೆಟ್ಟಿಲು ಇರುವುದು ಕೆಳಗಡೆ, ಆಟೊ ಬಿಟ್ಟು ಏಸ್‌ಗೆ ಬರುವ ಜಾಗದಲ್ಲಿ. ಹೊಸದಾಗಿ ಮಾಲೀಕನಾಗುವ ಚಾಲಕ ಬಹುಪಾಲು ಏರುವುದು ಅದೇ ಮೆಟ್ಟಿಲನ್ನು, ಮತ್ತು ಅಲ್ಲಿ ದರ ಒಂದೇ ನೆಗೆತಕ್ಕೆ ಮೂರೂವರೆ ಪಟ್ಟಾಗುತ್ತದೆ.

ಇದನ್ನು ಸುಲಿಗೆ ಎಂದು ಕರೆಯಲು ನಾನು ಸಿದ್ಧನಿಲ್ಲ. ಲಾರಿಗಳ ಥರ್ಡ್ ಪಾರ್ಟಿ ವಿಮೆಯಿಂದ ಕಂಪನಿಗಳು ದೂರ ಓಡುತ್ತಿದ್ದ ಕಾಲವಿತ್ತು. ಆ ಹೊರೆಯನ್ನು ಎಲ್ಲರೂ ಹಂಚಿಕೊಳ್ಳಲೆಂದೇ 2007ರಲ್ಲಿ ಒಂದು ಸಾಮಾನ್ಯ ನಿಧಿಯನ್ನು ಕಟ್ಟಬೇಕಾಯಿತು. ಜೊತೆಗೆ ಈ ವಿಮೆಯಲ್ಲಿ ಒಂದು ದೊಡ್ಡ ಗುಣವಿದೆ. ರಸ್ತೆಯಲ್ಲಿ ಸತ್ತವರ, ಗಾಯಗೊಂಡವರ ಪರಿಹಾರಕ್ಕೆ ಇಲ್ಲಿ ಮೇಲಿನ ಮಿತಿಯೇ ಇಲ್ಲ. ನ್ಯಾಯಮಂಡಳಿ ಎಷ್ಟು ಹೇಳುತ್ತದೋ ಅಷ್ಟನ್ನು ಕಂಪನಿ ಕಟ್ಟಬೇಕು. ಪಾಲಿಸಿ ಇಲ್ಲದಿದ್ದರೆ ಆ ಮೊತ್ತ ಮಾಲೀಕನ ಹೊಲ ಮನೆಯ ಮೇಲೆ ಬಂದು ಕೂರುತ್ತದೆ. ಮೊದಲ ಸಲ ವಿಮೆಯಿಲ್ಲದೆ ಸಿಕ್ಕಿಬಿದ್ದವನಿಗೆ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು ಎನ್ನುತ್ತದೆ ಕಾಯ್ದೆ. ದಂಡಕ್ಕೂ ಪ್ರೀಮಿಯಂಗೂ ನಡುವಿನ ಅಂತರ ನೋಡಿ ಮನಸ್ಸು ಜಾರುವ ಹೊಸ ಮಾಲೀಕರಿದ್ದಾರೆ. ಅವರು ಪಣಕ್ಕಿಡುತ್ತಿರುವುದು ಅಪ್ಪನ ಕಾಲದ ಜಮೀನನ್ನು ಎಂದು ಯಾರಾದರೂ ಕೂರಿಸಿ ಹೇಳಬೇಕು.

ನನ್ನ ತಕರಾರು ಬೇರೆ. ಈ ವ್ಯವಸ್ಥೆಯಲ್ಲಿ ಎಚ್ಚರಿಕೆಗೆ ಬೆಲೆ ಇರುವುದು ಒಂದೇ ಕಡೆ, ಫುಲ್ ಇನ್ಶೂರೆನ್ಸ್‌ನಲ್ಲಿ ನಮ್ಮದೇ ಗಾಡಿಯ ಹಾನಿಗೆ ಕಟ್ಟುವ ಭಾಗದಲ್ಲಿ. ಅದರ ಹೆಸರು ನೋ ಕ್ಲೇಮ್ ಬೋನಸ್. ಒಂದು ವರ್ಷ ಕ್ಲೇಮ್ ಮಾಡದಿದ್ದರೆ ಶೇ 20, ಹೀಗೆ ಏರುತ್ತಾ ಐದು ವರ್ಷಕ್ಕೆ ಶೇ 50 ರಿಯಾಯಿತಿ. ಆದರೆ ಆ ಬೋನಸ್ ಸೇರುವುದು ಪಾಲಿಸಿ ಯಾರ ಹೆಸರಿನಲ್ಲಿದೆಯೋ ಅವರಿಗೆ. ನಮ್ಮ ಹುಡುಗ ಹತ್ತು ವರ್ಷ ಒಂದು ಗೀರೂ ಬೀಳದಂತೆ ಓಡಿಸಿದ್ದರ ಫಲವೆಲ್ಲ ಸಾಹುಕಾರರ ಖಾತೆಗೆ ಹೋಯಿತು. ಸಾಹುಕಾರರು ಹೊಸ ಗಾಡಿ ಕೊಂಡರೆ ಆ ಬೋನಸ್ ಅವರ ಹಿಂದೆಯೇ ಹೋಗುತ್ತದೆ. ಇವನು ಸ್ವಂತ ಗಾಡಿ ಕೊಂಡ ದಿನ ಇವನ ಲೆಕ್ಕ ಸೊನ್ನೆ. ಥರ್ಡ್ ಪಾರ್ಟಿಯಲ್ಲಂತೂ ಯಾರಿಗೂ ಬೋನಸ್ಸಿಲ್ಲ. ಚಕ್ರ ತಿರುಗಿಸಿದವನ ಕೈಯ ಒಳ್ಳೆಯತನವನ್ನು ಚಕ್ರದ ಒಡೆಯನ ಹೆಸರಿಗೆ ಜಮೆ ಮಾಡುವ ಈ ಪದ್ಧತಿ ನನಗೆ ಅನ್ಯಾಯವಾಗಿಯೇ ಕಾಣುತ್ತದೆ.

ಅಮೆರಿಕದಲ್ಲಿ ಲೆಕ್ಕ ತಿರುವುಮುರುವು. ಒಂದು ರಾಜ್ಯದಿಂದ ಇನ್ನೊಂದಕ್ಕೆ ಬಾಡಿಗೆಗೆ ಸಾಮಾನ್ಯ ಸರಕು ಸಾಗಿಸುವ ಭಾರೀ ಟ್ರಕ್ಕಿಗೆ 7,50,000 ಡಾಲರ್ ಹೊಣೆಯ ವಿಮೆ ಕಡ್ಡಾಯ, ಆದರೆ ಪ್ರೀಮಿಯಂ ನಿರ್ಧರಿಸುವುದು ಕಂಪನಿ. ಅದು ಚಾಲಕನ ಇತಿಹಾಸವನ್ನು ಕೆದಕಿ ನೋಡುತ್ತದೆ. ಸ್ವಂತ ಪರವಾನಗಿಯಲ್ಲಿ ಹೊಸದಾಗಿ ಶುರು ಮಾಡಿದವನಿಗೆ ದರ ವಿಪರೀತ ಏರುತ್ತದೆ. ಹಾಗಾಗಿ ಎಷ್ಟೋ ಜನ ಮೊದಲು ದೊಡ್ಡ ಕಂಪನಿಗೆ ಟ್ರಕ್ಕನ್ನು ಲೀಸಿಗೆ ಹಚ್ಚಿ, ಅದರ ವಿಮೆಯ ನೆರಳಿನಲ್ಲಿ ಕೆಲವು ವರ್ಷ ದುಡಿಯುತ್ತಾರೆ. ಅಲ್ಲಿ ಹೊಸಬ ಎಂಬುದೇ ಭಾರ. ನಮ್ಮ ಪಟ್ಟಿ ಹೊಸಬರನ್ನು ಹಾಗೆ ಹೆದರಿಸುವುದಿಲ್ಲ, ಅದನ್ನು ಒಪ್ಪಬೇಕು. ಆದರೆ ಹಳಬನ ಅನುಭವವನ್ನು ಅದು ಕಣ್ಣೆತ್ತಿಯೂ ನೋಡುವುದಿಲ್ಲ. ಪ್ರತಿ ಲೈಸೆನ್ಸ್, ಪ್ರತಿ ಇ-ಚಲನ್ ಕಂಪ್ಯೂಟರಿನಲ್ಲಿರುವ ಈ ಕಾಲದಲ್ಲಿ, ಹತ್ತು ವರ್ಷ ಕೇಸಿಲ್ಲದ ಬ್ಯಾಡ್ಜ್‌ದಾರನಿಗೆ ಮೊದಲ ಮೂರು ವರ್ಷವಾದರೂ ದರ ಇಳಿಸುವುದು ಆಗದ ಕೆಲಸವೇ?

ಕಟ್ಟುವ ಬಗೆಯೂ ಅವನಿಗೆ ಹೊಂದುವುದಿಲ್ಲ. ಡೀಸೆಲ್ ದಿನದಿನದ್ದು, ಕಂತು ತಿಂಗಳದ್ದು, ಇನ್ಶೂರೆನ್ಸ್ ಮಾತ್ರ ವರ್ಷಕ್ಕೊಮ್ಮೆ ಇಡಿಯಾಗಿ, ಮುಂಗಡವಾಗಿ. 2018ರಿಂದ ಹೊಸ ಕಾರಿಗೆ ಮೂರು ವರ್ಷದ, ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ಒಟ್ಟಿಗೆ ಬರುತ್ತದೆ. ಸರಕು ಗಾಡಿಗೆ ಆ ವ್ಯವಸ್ಥೆಯಿಲ್ಲ. ಜಿಎಸ್‌ಟಿ ವಿಷಯದಲ್ಲಿ ಮಾತ್ರ ಒಳ್ಳೆಯದಾಗಿದೆ. ಸರಕು ಗಾಡಿಯ ಥರ್ಡ್ ಪಾರ್ಟಿ ಮೇಲೆ ಶೇ 18 ಇದ್ದದ್ದು 2019ರಲ್ಲಿ 12ಕ್ಕೆ, 2025ರ ಸೆಪ್ಟೆಂಬರಿನಲ್ಲಿ 5ಕ್ಕೆ ಇಳಿಯಿತು. ಏಸ್ ಮಾಲೀಕನಿಗೆ ಈ ಕೊನೆಯ ಇಳಿಕೆಯಿಂದ ಉಳಿದದ್ದು ಸುಮಾರು 1,120 ರೂಪಾಯಿ. ಜಿಎಸ್‌ಟಿ ನೋಂದಣಿ ಇಲ್ಲದ ಇವನಿಗೆ ಕಟ್ಟಿದ ತೆರಿಗೆ ಮರಳಿ ಬರುವ ದಾರಿಯಿಲ್ಲದ್ದರಿಂದ ಅದು ನಿಜವಾದ ಉಳಿತಾಯ.

ಇಷ್ಟು ಕಟ್ಟಿದ ಮೇಲೆ ಅವನ ಸ್ವಂತ ಜೀವಕ್ಕೆ ಏನಿದೆ? ಥರ್ಡ್ ಪಾರ್ಟಿ ವಿಮೆ ಹೆಸರೇ ಹೇಳುವಂತೆ ಬೇರೆಯವರದ್ದು. ಮಾಲೀಕ-ಚಾಲಕನ ಅಪಘಾತ ವಿಮೆ ಪ್ರತ್ಯೇಕ. 2018ರವರೆಗೆ ಅದು 2 ಲಕ್ಷವಿತ್ತು, ಮದ್ರಾಸ್ ಹೈಕೋರ್ಟ್ ಎಚ್ಚರಿಸಿದ ಮೇಲೆ 15 ಲಕ್ಷಕ್ಕೆ ಏರಿತು. ಕೆಲವು ನೂರು ರೂಪಾಯಿಗೆ ಸಿಗುವ ಈ ರಕ್ಷಣೆ ಇಡೀ ಬಿಲ್ಲಿನಲ್ಲಿ ಅತ್ಯಂತ ಉಪಯುಕ್ತ ಸಾಲು. ಹಾಗಿದ್ದೂ ಇದು ಏನೆಂದು ಆ ಹುಡುಗನಿಗೆ ಯಾರೂ ವಿವರಿಸಿರಲಿಲ್ಲ. ಗಾಡಿಯಲ್ಲಿರುವ ಟೊಮೆಟೊಗೆ ಈ ಪಾಲಿಸಿಯಲ್ಲಿ ರಕ್ಷಣೆಯಿಲ್ಲ ಎಂಬುದನ್ನೂ ಹೇಳಿರಲಿಲ್ಲ.

ಎಲ್ಲಕ್ಕಿಂತ ಅಪಾಯದ ಮರೆವು ಇನ್ನೊಂದಿದೆ. ಸರಕಿನ ಒಡೆಯ ತನ್ನ ಸರಕಿನ ಜೊತೆ ಕ್ಯಾಬಿನ್‌ನಲ್ಲಿ ಕೂತು ಬಂದರೆ ವಿಮೆ ಅನ್ವಯಿಸುತ್ತದೆ. ಹಿಂದೆ ಹತ್ತಿದ ದಿಬ್ಬಣದವರಿಗೆ, ಕೂಲಿಗೆ ಹೊರಟ ಹೆಂಗಸರಿಗೆ ಅನ್ವಯಿಸುವುದಿಲ್ಲ. ಸರಕು ಗಾಡಿಯಲ್ಲಿ ಸುಮ್ಮನೆ ಕೂತು ಬಂದವರ ಹೊಣೆ ವಿಮಾ ಕಂಪನಿಯದಲ್ಲ ಎಂದು ಸುಪ್ರೀಂ ಕೋರ್ಟ್ ಇಪ್ಪತ್ತು ವರ್ಷಗಳ ಹಿಂದೆಯೇ ಹೇಳಿದೆ. ಬಸ್ಸಿಲ್ಲದ ಊರುಗಳಲ್ಲಿ ಏಸ್ ಗಾಡಿಯೇ ಬಸ್ಸು ಎಂಬುದು ಕಾಯ್ದೆ ಬರೆದವರಿಗೆ ಕಾಣಲಿಲ್ಲ. ಪ್ರೀಮಿಯಂ ಕಟ್ಟಿದ ಧೈರ್ಯದಲ್ಲಿ ಜನರನ್ನು ಹತ್ತಿಸಿಕೊಂಡ ಮಾಲೀಕನಿಗೂ ಕಾಣುವುದು ಅಪಘಾತವಾದ ಮೇಲೆ.

ಏಜೆಂಟರು ಇದನ್ನು ಬಿಡಿಸಿ ಹೇಳಿದಾಗ ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಮಾರನೇ ವಾರ ನರಸಾಪುರದ ಹತ್ತಿರ ಕೆಲಸ ಮುಗಿಸಿ ನಿಂತಿದ್ದ ನಾಲ್ಕೈದು ಹೆಂಗಸರು ಕೈ ತೋರಿಸಿದರಂತೆ, ಇವನು ನಿಲ್ಲಿಸಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಹಿಂದೆ ಬರುತ್ತಿದ್ದ ಇನ್ನೊಂದು ಏಸ್ ನಿಂತಿತ್ತು, ಅವರು ಒಬ್ಬೊಬ್ಬರಾಗಿ ಹತ್ತುತ್ತಿದ್ದರು.