ಖಾಂಡವದಿಂದ ಬದುಕುಳಿದವನ ಮಾತು

2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ, ಮೈಸೂರಿನಲ್ಲಿದ್ದ ನಾವು ಲೆಕ್ಕ ಹಾಕಿದ್ದು ಎಕರೆಗಳನ್ನು. ಆಮೇಲೆ ಸಂಶೋಧನೆಗಾಗಿ ಗದುಗಿನ ಭಾರತವನ್ನು ಮತ್ತೆ ಓದುವಾಗ ಖಾಂಡವದಹನ ನನಗೆ ಬೇರೆಯಾಗಿ ಕಂಡಿತು.

ಆದಿಪರ್ವದಲ್ಲಿ ಅದು ಅಗ್ನಿಯ ಹಸಿವಿನ, ಅರ್ಜುನನ ಪರಾಕ್ರಮದ ಕತೆ. ಬೆಂದವರ ಕಡೆಯ ಮಾತಿಗೆ ಕರ್ಣಪರ್ವದವರೆಗೆ ಕಾಯಬೇಕು. ಆ ಬೆಂಕಿಯ ದಿನ ತಾಯಿಯನ್ನು ಅರ್ಜುನನ ಬಾಣಕ್ಕೆ ಕಳೆದುಕೊಂಡ ಅಶ್ವಸೇನ ಅಲ್ಲಿ ಕರ್ಣನ ಸರ್ಪಾಸ್ತ್ರವಾಗಿ ಬರುತ್ತಾನೆ. ಗುರಿ ತಪ್ಪಿದ ಮೇಲೆ ತನ್ನನ್ನು ಇನ್ನೊಮ್ಮೆ ತೊಡುವಂತೆ ಬೇಡುತ್ತಾನೆ. ಕರ್ಣ ಒಪ್ಪುವುದಿಲ್ಲ.

ಈ ನಿರಾಕರಣೆಯನ್ನು ಕರ್ಣನ ಛಲವೆಂದು ಕೊಂಡಾಡಿ ಪರೀಕ್ಷೆಯಲ್ಲಿ ಅಂಕ ಪಡೆದವಳು ನಾನು. ಮನೆ ಸುಟ್ಟವನ ಅಹವಾಲು ಅಲ್ಲಿಗೇ ಮುಗಿಯಿತೆಂಬುದು ಆಗ ಹೊಳೆದಿರಲಿಲ್ಲ. ಕುಮಾರವ್ಯಾಸ ಅವನಿಗೆ ಬಾಯಿ ಕೊಟ್ಟಿದ್ದಾನೆ, ಕೇಳಿಸಿಕೊಳ್ಳಬೇಕಾದವರು ಓದುಗರು. ಈಗ ಆ ಭಾಗ ಬಂದಾಗ ಮೊದಲು ಹಾವಿನ ಮಾತಿಗೆ ಕಿವಿಗೊಡುತ್ತೇನೆ.