ಕಬ್ಬಾಲಾ ಧ್ಯಾನವೂ ಯೋಗವೂ: ಒಂದು ಹೋಲಿಕೆಯ ವಿಮರ್ಶೆ

ಯೆಹೂದ್ಯರ ಅನುಭಾವ ಪರಂಪರೆಯಾದ ಕಬ್ಬಾಲಾದ ಆಧುನಿಕ ಸಂಶೋಧನೆಗೆ ಅಸ್ತಿಭಾರ ಹಾಕಿದವರು ಗೆರ್ಶೋಮ್ ಶೋಲೆಮ್ (1897-1982) ಅವರು. ಯೆಹೂದ್ಯ ಅನುಭಾವದ ಪ್ರಧಾನ ಪ್ರವೃತ್ತಿಗಳನ್ನು ಕುರಿತು ಅವರು 1941ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಅಬ್ರಹಾಂ ಅಬುಲಾಫಿಯನ ಸಾಧನಮಾರ್ಗವು ಯೋಗವಿಧಾನದ ಯೆಹೂದ್ಯ ರೂಪಾಂತರವೆಂಬ ಅರ್ಥದ ಮಾತು ಬಂದಿದೆ. ನಮ್ಮ ದೇಶದ ಓದುಗರಿಗೆ ಈ ಮಾತು ಸಹಜವಾಗಿಯೇ ಪ್ರಿಯವಾಗತಕ್ಕುದು. ಪ್ರಿಯವಾದ ಹೋಲಿಕೆಯನ್ನೇ ಹೆಚ್ಚು ಎಚ್ಚರದಿಂದ ಪರೀಕ್ಷಿಸುವುದು ಇತಿಹಾಸಾಭ್ಯಾಸಿಗಳ ಕರ್ತವ್ಯವಷ್ಟೆ. ಸಾಧಕನು ಮನಸ್ಸಿನಲ್ಲಿ ಕಾಣಬೇಕಾದ ವಸ್ತು ಯಾವುದು, ಅದನ್ನು ಕಾಣುವ ಉದ್ದೇಶವೇನು, ಆ ವಿಧಾನಕ್ಕೆ ನೆರೆಯ ಮೂಲಗಳು ಯಾವುವು ಎಂಬ ಮೂರು ಪ್ರಶ್ನೆಗಳನ್ನು ಬೇರೆಬೇರೆಯಾಗಿ ವಿಚಾರಿಸಿ ನೋಡೋಣ.

ಅಬುಲಾಫಿಯನು 1240ರಲ್ಲಿ ಸ್ಪೇನಿನ ಸಾರಗೋಸಾ ನಗರದಲ್ಲಿ ಜನಿಸಿದನು. 1280ರಲ್ಲಿ ಮೂರನೆಯ ನಿಕೊಲಾಸ್ ಪೋಪನನ್ನು ಕಾಣಲು ಹೊರಟ ಸಾಹಸಿ ಈತನೇ. ಅದೇ ಕಾಲದ ಆತನ ‘ಹಯ್ಯೇ ಹಾ-ಓಲಾಮ್ ಹಾ-ಬಾ’ ಎಂಬ ಕೃತಿಯಲ್ಲಿ ಸಾಧನೆಯ ಕ್ರಮ ವಿವರವಾಗಿದೆ. ಸಾಧಕನು ಏಕಾಂತದಲ್ಲಿ ಶುಭ್ರವಸ್ತ್ರ ಧರಿಸಿ, ರಾತ್ರಿಯಾಗಿದ್ದರೆ ಅನೇಕ ದೀಪಗಳನ್ನು ಹಚ್ಚಿಕೊಂಡು, ಲೇಖನಿ ಮಸಿಗಳನ್ನು ತೆಗೆದುಕೊಂಡು ಹೀಬ್ರೂ ಅಕ್ಷರಗಳನ್ನು ಹಿಂದುಮುಂದಾಗಿ ಜೋಡಿಸುತ್ತ ಹೋಗಬೇಕು. ಬರವಣಿಗೆಯಿಂದ ಉಚ್ಚಾರಣೆಗೆ, ಉಚ್ಚಾರಣೆಯಿಂದ ಮನಸ್ಸಿನೊಳಗಿನ ದರ್ಶನಕ್ಕೆ ಆ ಜೋಡಣೆ ಏರುತ್ತದೆ. ದೇವದೂತರನ್ನು ಮಾನವಾಕೃತಿಯಲ್ಲಿ ಭಾವಿಸಬೇಕೆಂಬ ಸೂಚನೆಯೂ ಅಲ್ಲಿದೆ. ಆದರೆ ಈ ಮಾರ್ಗದ ಬೆನ್ನೆಲುಬು ಮೂರ್ತಿಯಲ್ಲ, ಅಕ್ಷರ.

ಶ್ವಾಸನಿಯಮ, ತಲೆಯ ಚಲನೆ, ನಾಮೋಚ್ಚಾರಣೆ ಇವುಗಳನ್ನು ನೋಡಿದವರಿಗೆ ಯೋಗದ ನೆನಪಾಗುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಅಂಗಗಳ ಸಾಮ್ಯದಿಂದ ಅಂಗಿಯ ಸಾಮ್ಯ ಸಿದ್ಧವಾಗದು. ಯೋಗಿಯು ಚಿತ್ತವನ್ನು ಒಂದೇ ಆಲಂಬನದಲ್ಲಿ ನೆಲೆಗೊಳಿಸಿ ಅದರ ಅಲೆಗಳನ್ನು ಅಡಗಿಸಲು ಯತ್ನಿಸುವನು. ಅಬುಲಾಫಿಯನ ಸಾಧಕನಾದರೋ ಕ್ಷಣಕ್ಷಣಕ್ಕೂ ಬದಲಾಗುವ ಅಕ್ಷರಸಂಯೋಗಗಳನ್ನು ಹಿಂಬಾಲಿಸುತ್ತ ಬುದ್ಧಿಯನ್ನು ಎಡೆಬಿಡದೆ ದುಡಿಸುವನು. ಮೋಶೆ ಇಡೆಲ್ ಅವರು 1988ರಲ್ಲಿ ಪ್ರಕಟವಾದ ತಮ್ಮ ಅಧ್ಯಯನದಲ್ಲಿ ಈ ಭೇದವನ್ನು ಒತ್ತಿ ಹೇಳಿರುವುದು ಯುಕ್ತವೇ ಆಗಿದೆ. ಉದ್ದೇಶದಲ್ಲಿಯೂ ಭೇದವುಂಟು. ಮೈಮೊನಿಡೀಸನ ತತ್ತ್ವಗ್ರಂಥಕ್ಕೆ ವ್ಯಾಖ್ಯಾನಗಳನ್ನು ಬರೆದ ಅಬುಲಾಫಿಯನಿಗೆ ಸಾಧನೆಯ ಫಲವು ಪ್ರವಾದಿತ್ವ, ಎಂದರೆ ಮಾನವಬುದ್ಧಿಯು ದಿವ್ಯಬುದ್ಧಿಯೊಡನೆ ಕೂಡುವುದು.

ಕಬ್ಬಾಲಾದ ಮತ್ತೊಂದು ಶಾಖೆಯನ್ನು ನೋಡಿದರೆ ಈ ಭೇದದ ಕಾರಣ ಇನ್ನೂ ಸ್ಪಷ್ಟವಾಗುತ್ತದೆ. ಹದಿಮೂರನೆಯ ಶತಮಾನದ ಕೊನೆಯ ಭಾಗದಲ್ಲಿ ಡೇವಿಡ್ ಬೆನ್ ಯೆಹೂದಾ ಹೆ-ಹಸೀದ್ ಮೊದಲಾದವರು ಪ್ರಾರ್ಥನೆಯ ವೇಳೆಯಲ್ಲಿ ವರ್ಣಗಳನ್ನು ಮನಸ್ಸಿನಲ್ಲಿ ಕಾಣುವ ವಿಧಾನವನ್ನು ಬೋಧಿಸಿದರು. ಸೆಫಿರೋತ್ ಎಂಬ ಹತ್ತು ದಿವ್ಯಶಕ್ತಿಗಳಲ್ಲಿ ಕರುಣೆಯಾದ ಹೆಸೆದ್‌ಗೆ ಬಿಳುಪು, ದಂಡಶಕ್ತಿಯಾದ ಗೆವುರಾಕ್ಕೆ ಕೆಂಪು. ಆದರೆ ಸೆಫಿರೋತ್‌ಗಳನ್ನೇ ಕಲ್ಪಿಸಿಕೊಳ್ಳಲು ಅನುಮತಿಯಿಲ್ಲ. ಅವನ್ನು ಆವರಿಸಿದ ವರ್ಣವನ್ನು ಮಾತ್ರ ಕಾಣಬಹುದು. ದೇವರ ಪ್ರತಿಮೆಯನ್ನು ನಿಷೇಧಿಸಿದ ಧರ್ಮದಲ್ಲಿ ದರ್ಶನದ ಹಂಬಲವು ಅಕ್ಷರವರ್ಣಗಳ ದಾರಿಯನ್ನು ಹಿಡಿಯಿತೆಂದು ನಮ್ಮ ಮತ. ದೇವತಾಮೂರ್ತಿಯನ್ನು ಆಪಾದಮಸ್ತಕ ಭಾವಿಸುವ ನಮ್ಮ ಧ್ಯಾನಶ್ಲೋಕಗಳ ಪದ್ಧತಿಯೊಡನೆ ಇದನ್ನು ಒಂದುಗೂಡಿಸಿದರೆ ಈ ನಿಷೇಧದ ಮಹತ್ತ್ವವೇ ಮರೆಯಾಗುವುದು.

ಇನ್ನು ಮೂಲದ ಪ್ರಶ್ನೆ. ಅಬುಲಾಫಿಯನ ಶಿಷ್ಯನೊಬ್ಬನು ಹದಿಮೂರನೆಯ ಶತಮಾನದ ಕೊನೆಯಲ್ಲಿ ಬರೆದ ‘ಶಆರೇ ಸೆದೆಕ್’ ಎಂಬ ಕೃತಿಯಲ್ಲಿ ರಾತ್ರಿಯ ಅಕ್ಷರಸಾಧನೆಯನ್ನೂ ಅದರಿಂದ ತನಗಾದ ಅನುಭವವನ್ನೂ ತಾನೇ ವರ್ಣಿಸಿದ್ದಾನೆ. ಮುಸಲ್ಮಾನ ವಿರಕ್ತರು ಅಲ್ಲಾಹನ ನಾಮದಿಂದ ಮನಸ್ಸನ್ನು ಬರಿದುಮಾಡಿಕೊಳ್ಳುವ ಬಗೆಯನ್ನೂ ಅದೇ ಕೃತಿ ತಿಳಿಸುತ್ತದೆ. ಸೂಫಿ ಸಾಧನೆಯ ಪರಿಚಯಕ್ಕೆ ಹೀಗೆ ಸಮಕಾಲೀನ ಸಾಕ್ಷ್ಯವುಂಟು. ಶೋಲೆಮ್ ಅವರು ಈ ಕೃತಿಯ ಅನುಭವಭಾಗವನ್ನು ತಮ್ಮ ಗ್ರಂಥದಲ್ಲಿ ಅನುವಾದಿಸಿಕೊಟ್ಟು ವಿದ್ವಲ್ಲೋಕಕ್ಕೆ ಮಹೋಪಕಾರ ಮಾಡಿದ್ದಾರೆ. ಆದರೆ ಭಾರತದಿಂದ ಸ್ಪೇನಿನವರೆಗಿನ ಕೊಂಡಿಗಳನ್ನು ಆಧಾರಸಹಿತವಾಗಿ ತೋರಿಸಿಲ್ಲ. ಅವರ ಹೋಲಿಕೆಯನ್ನು ರೂಪಸಾಮ್ಯವೆಂದು ಗ್ರಹಿಸಬಹುದು, ವಂಶಾವಳಿಯೆಂದು ಗ್ರಹಿಸಲಾಗದು.

ಕೊನೆಯದಾಗಿ ಆಕರಗಳನ್ನು ಕುರಿತು ಒಂದು ಮಾತು. ವಿಧಿಗ್ರಂಥವು ಏನು ಮಾಡಬೇಕೆಂದು ಹೇಳುವುದೇ ಹೊರತು, ಎಷ್ಟು ಜನ ಹಾಗೆ ಮಾಡಿದರೆಂದು ಹೇಳದು. ಸಫೇದಿನ ಹಯ್ಯೀಮ್ ವಿಟಾಲನ (1542-1620) ‘ಶಆರೇ ಕೆದುಶಾ’ದಲ್ಲಿ ಸಾಧನವಿಧಾನಗಳನ್ನು ಒಳಗೊಂಡ ನಾಲ್ಕನೆಯ ಭಾಗವು ಬಹುಕಾಲ ಅಚ್ಚಾಗದೆ ಉಳಿಯಿತು. ಇಂತಹ ಮೌನವೂ ಇತಿಹಾಸದ ಸಾಕ್ಷ್ಯವೇ: ಆ ಸಾಧನೆಯನ್ನು ಎಲ್ಲರ ಕೈಗೂ ಕೊಡಲು ಸಮಾಜ ಅಂಜಿತೆಂಬುದನ್ನು ಅದು ಸೂಚಿಸುತ್ತದೆ. ಪರಧರ್ಮದ ಸಾಧನೆಯಲ್ಲಿ ನಮ್ಮದನ್ನು ಗುರುತಿಸುವುದು ಅಧ್ಯಯನದ ಆರಂಭಕ್ಕೆ ನೆರವಾದೀತು. ಅಲ್ಲಿಯೇ ನಿಂತರೆ ನಾವು ಕಾಣುವುದು ನಮ್ಮನ್ನೇ ಹೊರತು ಆ ಧರ್ಮವನ್ನಲ್ಲ.