ಜೀಪಿನ ಬರ, ಒಡಲಿನ ಬರ

ಕನ್ನಡದಲ್ಲಿ ಬರದ ಬಗ್ಗೆ ಬರೆದವರು ಕಡಿಮೆಯೇನಿಲ್ಲ. ಎಲ್ಲಿ ನಿಂತು ನೋಡಿ ಬರೆದರು ಅನ್ನೋದು ನಮ್ಮ ಪ್ರಶ್ನೆ.

ಅನಂತಮೂರ್ತಿಯವರ 'ಬರ' ಕಥೆಯ ಸತೀಶ ಜಿಲ್ಲಾಧಿಕಾರಿ. ಪ್ರಾಮಾಣಿಕ, ಓದಿಕೊಂಡವನು. ಬರಗಾಲದಲ್ಲಿ ಮಳೆಯ ಪಾಲೆಷ್ಟೋ ರಾಜಕಾರಣದ ಪಾಲೂ ಅಷ್ಟೇ ಇದೆ ಎಂದು ಆ ಕಥೆ ತೋರಿಸಿತು. ಅದಕ್ಕೆ ನಮ್ಮ ಗೌರವವಿದೆ. ಆದರೆ ಓದಿ ಮುಗಿಸಿದಾಗ ನಮ್ಮೊಳಗೆ ಉಳಿಯೋದು ಅಧಿಕಾರಿಯ ಸಂಕಟ. ಹಸಿದವರು ಗುಂಪಾಗಿ ಬಂದು ಗುಂಪಾಗೇ ಹೋಗುತ್ತಾರೆ.

ದೇವನೂರ ಮಹಾದೇವರ 'ಒಡಲಾಳ'ದಲ್ಲಿ ಯಾವ ಸರ್ಕಾರವೂ ಬರ ಘೋಷಿಸಿಲ್ಲ. ಸಾಕವ್ವ ಕಳೆದುಹೋದ ಹುಂಜ ಹುಡುಕುತ್ತಾಳೆ. ಕದ್ದು ತಂದ ಮೂಟೆ ಕಡಲೆಕಾಯಿ ಒಂದೇ ರಾತ್ರಿಯಲ್ಲಿ ಇಡೀ ಮನೆಯ ಹೊಟ್ಟೆ ಸೇರುತ್ತದೆ. ಬೆಳಗಾದರೆ ಪೊಲೀಸರು. ಒಳ್ಳೆ ಮಳೆಗಾಲದಲ್ಲೂ ಕೆಲವು ಮನೆಗಳಿಗೆ ಬರ ತಪ್ಪಲ್ಲ ಅನ್ನೋದನ್ನ ಹೇಳಲು ಈ ಕೃತಿಗೆ ಒಣಗಿದ ಕೆರೆಯ ವರ್ಣನೆಯೇ ಬೇಕಾಗಲಿಲ್ಲ.

ಈ ವ್ಯತ್ಯಾಸ ಬರೀ ಸಾಹಿತ್ಯದ್ದಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಸಾರಿತು. ಬೆಳೆ ಪರಿಹಾರ ಹೋಗೋದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲದಲ್ಲಿ ಕಳೆ ಕಿತ್ತು ಕೂಲಿ ಕಳಕೊಂಡವಳ ಹೆಸರು ಆ ಪಟ್ಟಿಯಲ್ಲಿಲ್ಲ. 2013ರ ಆಹಾರ ಭದ್ರತಾ ಕಾಯಿದೆ ತಲೆಗೆ ತಿಂಗಳಿಗೆ 5 ಕೆಜಿ ಧಾನ್ಯ ಎಂದಿತು. ಇದನ್ನು ಹಂಗಿನ ಅನ್ನ ಅಂತ ಹಂಗಿಸುವವರ ಜೊತೆ ನಾವಿಲ್ಲ, ಅದು ಹಕ್ಕು. ಆದರೆ ಅಕ್ಕಿ ಬಂದ ಮೇಲೆ ಅದನ್ನು ಬೇಯಿಸೋ ನೀರೆಲ್ಲಿ?

2019ರ ಜಲಜೀವನ ಯೋಜನೆ ಮನೆಮನೆಗೆ ನಲ್ಲಿ, ತಲೆಗೆ ದಿನಕ್ಕೆ 55 ಲೀಟರ್ ಎಂದಿತು. ಪಾವಗಡದಂಥ ಕಡೆ ಕೊಳವೆಬಾವಿಯ ನೀರಲ್ಲೇ ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುತ್ತೆ, ಮೂಳೆ ಬಿಗಿಯುತ್ತೆ. ಕಾಸು ಹಾಕಿದರೆ ಮಾತ್ರ ಶುದ್ಧ ನೀರು ಕೊಡೋ ಘಟಕದ ಮುಂದೆ, ಕಾಸಿಲ್ಲದವರು ಅದೇ ಬೋರಿನ ನೀರಿಗೆ ವಾಪಸ್ಸು. ಇನ್ನು ಪೈಪಿನ ಲೆಕ್ಕ: ಟ್ಯಾಂಕ್ ಅರ್ಧ ತುಂಬಿದ ದಿನ ಕೊನೆಯ ನಲ್ಲಿಗೆ ನೀರು ಏರಲ್ಲ. ಕೊನೆಯ ನಲ್ಲಿ ಯಾರ ಕೇರಿಯದು, ಲೈನ್ ಎಳೆಯುವಾಗ ಯಾರಿಂದ ಶುರು ಮಾಡಿದರು? ಇಂಜಿನಿಯರ್ ನಕ್ಷೆ ಇದನ್ನು ಹೇಳಲ್ಲ. ಸಾಹಿತಿಯಾದರೂ ಹೇಳಬೇಡವೇ?

ಮಹಾಡಿನ ಚವದಾರ್ ಕೆರೆಯಲ್ಲಿ ನೀರಿತ್ತು. ಅದು ಎಲ್ಲರದು ಎಂದು ಪುರಸಭೆಯ ನಿರ್ಣಯವೂ ಇತ್ತು. ಆದರೂ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಡನೆ ನಡೆದು ಹೋಗಿ ಬೊಗಸೆ ನೀರು ಕುಡಿಯಬೇಕಾಯಿತು. ಕಾಗದದ ಮೇಲಿನ ನೀರು ಗಂಟಲಿಗಿಳಿಯಲು ಬೇರೆ ಹೋರಾಟವೇ ಬೇಕು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಬಿರಿದ ನೆಲ, ಬೆಂಕಿ ಬಿಸಿಲು, ಕಣ್ಣೀರಿನ ಕೊಡ: ಬಂಡಾಯದ ಹೆಸರಲ್ಲೂ ಇಂಥ ಸವಕಲು ಪದ್ಯಗಳು ಸಾಕಷ್ಟು ಬಂದಿವೆ. ಅವುಗಳಲ್ಲಿ ಕೊಡ ಹೊತ್ತವಳಿಗೆ ಹೆಸರಿಲ್ಲ, ಬೀದಿಯಿಲ್ಲ, ಮಾತಿಲ್ಲ. ಗೆಳೆಯರೇ, ಬರೆಯುವ ಮುಂಚೆ ಒಂದು ಬೆಳಗ್ಗೆ ಆ ಕೊನೆಯ ನಲ್ಲಿಯ ಸಾಲಲ್ಲಿ ಕೊಡ ಇಟ್ಟು ನಿಲ್ಲೋಣ. ಯಾರ ಕೊಡ ಮೊದಲು ತುಂಬುತ್ತೆ, ಯಾರ ಕೊಡ ಖಾಲಿ ಹೋಗುತ್ತೆ, ಆಕೆ ಯಾರನ್ನು ಬಯ್ಯುತ್ತಾಳೆ ನೋಡೋಣ. ಆಮೇಲೆ ಬರೆಯೋಣ.